ಕಾಯಿಲೆಯ ಮಾತು ಯಾರ ಸೊತ್ತು?



ಕಿವುಡನೂ ತೊದಲನೂ ಆಗಿದ್ದವನೊಬ್ಬನನ್ನು ಜನರು ಕರೆತಂದಾಗ, ಪ್ರಭು ಯೇಸು ಅವನನ್ನು ಗುಂಪಿನಿಂದ ಪ್ರತ್ಯೇಕವಾಗಿ ಕರೆದೊಯ್ದು ಗುಣಪಡಿಸಿದರೆಂದು ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯ ತಿಳಿಸುತ್ತದೆ. ಒಬ್ಬನ ಸಂಕಟ ಹತ್ತು ಜನರ ನೋಟಕ್ಕೆ ಗುರಿಯಾಗಬಾರದೆಂಬ ಈ ಎಚ್ಚರ, ಮನೋರೋಗಿಗಳ ವಿಷಯದಲ್ಲಿ ನಮ್ಮ ದೇಶದ ಕಾನೂನಾಗಲು ಬಹುಕಾಲ ಹಿಡಿಯಿತು. ಆ ಚರಿತ್ರೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನದೇ.

1847ರಲ್ಲಿ ಇಲ್ಲಿ ಆರಂಭವಾದ ಆಶ್ರಯಾಲಯ ಜನರ ಬಾಯಲ್ಲಿ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. 1925ರಲ್ಲಿ ಅದಕ್ಕೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂತು. 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲ ಆವರಣ ದೊರೆಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಎರಡೂ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದರೂ ನಾಲಿಗೆ ಬದಲಾಗಲಿಲ್ಲ. ಜಗಳದಲ್ಲಿ ಆ ಸಂಸ್ಥೆಯ ಹೆಸರನ್ನೇ ಬೈಗುಳವಾಗಿ ಬಳಸುವುದನ್ನು ನೀವೂ ಕೇಳಿದ್ದೀರಿ.

ಬ್ರಿಟಿಷರ ಕಾಲದ 1912ರ ಕಾಯಿದೆಯಲ್ಲಿ ಮನೋರೋಗಿಯ ವಿಷಯ ಮ್ಯಾಜಿಸ್ಟ್ರೇಟರ ಮುಂದಿನ ಅರ್ಜಿಯಾಗಿತ್ತು. ಅಲೆದಾಡುವವರನ್ನು ಪೊಲೀಸರು ಹಿಡಿದು ತರಬಹುದಾಗಿತ್ತು. ಅದರ ಬದಲಿಗೆ ರಚಿತವಾದ 1987ರ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. 2018ರ ಮೇ 29ರಂದು ಜಾರಿಯಾದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಕಲಮು, ತನ್ನ ಕಾಯಿಲೆ ಹಾಗೂ ಚಿಕಿತ್ಸೆಯ ಗೋಪ್ಯತೆ ರೋಗಿಯ ಹಕ್ಕೆಂದು ಸಾರಿತು. ಅವನ ಒಪ್ಪಿಗೆಯಿಲ್ಲದೆ ಚಿತ್ರವನ್ನಾಗಲಿ ವಿವರವನ್ನಾಗಲಿ ಮಾಧ್ಯಮಗಳಿಗೆ ಕೊಡಬಾರದೆಂದು 24ನೆಯ ಕಲಮು ವಿಧಿಸಿತು.

ಹಾಗಾದರೆ ಮನೆಯವರ ಗತಿ? ವೇಳೆಗೆ ಮಾತ್ರೆ ಕೊಡುವ ತಾಯಿ, ರಾತ್ರಿ ಎದ್ದು ಕಾಯುವ ಅಣ್ಣ ಏನನ್ನೂ ತಿಳಿಯಬಾರದೇ? ಕಾಯಿದೆ ಬಾಗಿಲು ಮುಚ್ಚಿಲ್ಲ. ರೋಗಿ ತಾನೇ ಒಬ್ಬ ಪ್ರತಿನಿಧಿಯನ್ನು ನೇಮಿಸಬಹುದು. ಅವರ ಹೊಣೆಗೆ ಬೇಕಾದಷ್ಟನ್ನು ವೈದ್ಯರು ತಿಳಿಸಬಹುದು. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗಲೂ ಹೇಳಬಹುದು. ಆದರೆ ಆ ಹಾನಿಯನ್ನು ತಡೆಯಲು ಅಗತ್ಯವಾದಷ್ಟು ಮಾತ್ರ.

ಧರ್ಮಸಭೆಗೆ ಈ ಶಿಸ್ತು ಹೊಸದಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆಡಹಬಾರದೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಕಟ್ಟಪ್ಪಣೆ ಮಾಡಿತು. ಆ ಮುದ್ರೆಗೆ ವಿನಾಯಿತಿಯೇ ಇಲ್ಲ; ವೈದ್ಯರ ಗೋಪ್ಯತೆಗೆ ಪ್ರಾಣ ಉಳಿಸುವ ವಿನಾಯಿತಿ ಇದೆ. ಎರಡರ ಬೇರು ಮಾತ್ರ ಒಂದೇ: ಬಾಯಿಬಿಟ್ಟರೂ ಬಯಲಾಗದೆಂಬ ಭರವಸೆಯಿದ್ದರೆ ತಾನೇ ನೊಂದವರು ಬಾಯಿಬಿಡುವುದು?

ಬೆಲ್ಜಿಯಂ ದೇಶದ ಗೀಲ್ ಪಟ್ಟಣದ ಸಂಪ್ರದಾಯವೂ ನಮಗೊಂದು ಪಾಠ. ಸಂತ ದಿಂಫ್ನಾಳ ಪುಣ್ಯಕ್ಷೇತ್ರಕ್ಕೆ ಬಂದ ಮನೋರೋಗಿಗಳನ್ನು ಅಲ್ಲಿನ ಕುಟುಂಬಗಳು ಶತಮಾನಗಳಿಂದ ಮನೆಯಲ್ಲಿರಿಸಿಕೊಂಡು ಸಲಹುತ್ತಾ ಬಂದಿವೆ. ಅತಿಥಿಯ ಕಾಯಿಲೆಯ ಹೆಸರನ್ನು ಮನೆಯವರಿಗೆ ಹೇಳದಿರುವುದು ಅಲ್ಲಿಯ ರೂಢಿ. ಮಮತೆಗೆ ರೋಗದ ಹೆಸರೇಕೆ?

ನಂದಿನಿ ಲೇಔಟ್‌ನಂತಹ ನಮ್ಮ ಬಡಾವಣೆಗಳಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಯಾರು ಯಾವ ಆಸ್ಪತ್ರೆಗೆ ಹೋದರೆಂಬುದು ಸಂಜೆಯೊಳಗೆ ಬೀದಿಗೆಲ್ಲ ಗೊತ್ತು. ಪ್ರಾರ್ಥನಾ ಕೂಟದಲ್ಲಿ, ವಾಟ್ಸಾಪ್ ಗುಂಪಿನಲ್ಲಿ "ಇಂಥವರ ಮಗಳಿಗೆ ಮನಸ್ಸು ಸರಿಯಿಲ್ಲ, ಪ್ರಾರ್ಥಿಸಿ" ಎಂದು ನಾವು ಸದುದ್ದೇಶದಿಂದಲೇ ಹೇಳುತ್ತೇವೆ. ಆ ಒಂದು ವಾಕ್ಯ ಮುಂದೆ ಆಕೆಯ ಮದುವೆ ಮಾತುಕತೆಗೂ ಉದ್ಯೋಗಕ್ಕೂ ಅಡ್ಡಬರಬಹುದು. ಅದಕ್ಕಿಂತ ಘೋರವೆಂದರೆ, ಮಾತಿಗೆ ಹೆದರಿ ಆಕೆ ಚಿಕಿತ್ಸೆಗೇ ಹೋಗದಿರಬಹುದು. ಹೆಸರು ಹೇಳದಿದ್ದರೂ ದೇವರಿಗೆ ಆಕೆ ಯಾರೆಂದು ತಿಳಿದಿದೆ.

ಇದೇ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಸಮಾಧಿಗಳ ನಡುವೆ ಅಲೆಯುತ್ತಿದ್ದವನೊಬ್ಬ ಸ್ವಸ್ಥಬುದ್ಧಿಯವನಾಗಿ ಕುಳಿತ ವೃತ್ತಾಂತವಿದೆ. ಅವನ ಸ್ವಂತ ಹೆಸರನ್ನು ಮಾರ್ಕನು ಬರೆದಿಲ್ಲ. ಮನೆಗೆ ಹೋಗಿ ತನ್ನವರಿಗೆ ತಿಳಿಸೆಂದು ಪ್ರಭು ಹೇಳಿದ್ದು ಅವನಿಗೇ. ಹೇಳುವ ಹಕ್ಕು ಅವನದು. ಅವನು ಹೇಳಿದಾಗ ಕೇಳುವ ಕಿವಿಗಳಾಗುವುದು ನಮ್ಮ ಪಾಲಿನ ಕರ್ತವ್ಯ.