ಗೆರೆ ಮೊದಲು, ಬೆಳಕು ಆಮೇಲೆ

ಮನೆ ಕಟ್ಟಿಸುವವರು ಎಂಜಿನಿಯರ್ ಮುಂದೆ ಕೂತು ಕೇಳುವುದು ‘ಎಲಿವೇಶನ್ ತೋರಿಸಿ’ ಎಂದು. ಗಾರೆ ಮೇಸ್ತ್ರಿಗೆ ಬೇಕಾದದ್ದು ಅಳತೆ. ಈ ಎರಡು ಬೇಡಿಕೆಗಳನ್ನು ಪೂರೈಸುವ ಸಾಫ್ಟ್‌ವೇರ್‌ಗಳು ಹುಟ್ಟಿದ್ದೇ ಬೇರೆ ಬೇರೆ ಕಡೆ. ಯಾವುದನ್ನು ಕೊಳ್ಳಬೇಕೆಂಬ ಗೊಂದಲದ ಮೂಲವೂ ಅಲ್ಲೇ ಇದೆ.

ಅಳತೆಯ ನಕ್ಷೆ ಬರೆಯುವ ಗೆರೆಯ ಕಥೆ ಶುರುವಾಗುವುದು 1963ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಐವನ್ ಸದರ್ಲ್ಯಾಂಡ್ ತಯಾರಿಸಿದ ಸ್ಕೆಚ್‌ಪ್ಯಾಡ್‌ನಲ್ಲಿ ಲೈಟ್ ಪೆನ್ ಹಿಡಿದು ಪರದೆಯ ಮೇಲೆ ಒರಟಾಗಿ ಗೀಚಿ, ಈ ಎರಡು ಗೆರೆ ಸಮಾನಾಂತರವಾಗಿರಲಿ ಎಂದು ಹೇಳಿದರೆ ಯಂತ್ರವೇ ತಿದ್ದಿಕೊಳ್ಳುತ್ತಿತ್ತು. ಇಂಥ ಕೆಲಸ ಸಣ್ಣ ಕಚೇರಿಗಳ ಕೈಗೆ ಎಟುಕಿದ್ದು ಪರ್ಸನಲ್ ಕಂಪ್ಯೂಟರ್ ಬಂದ ಮೇಲೆ, 1982ರ ಕೊನೆಗೆ ಬಿಡುಗಡೆಯಾದ ಆಟೋಕ್ಯಾಡ್‌ನಿಂದ. ಆದರೆ ಅದರ ಪ್ಲಾನ್‌ನಲ್ಲಿ ಗೋಡೆಯೆಂದರೆ ಬರೀ ಎರಡು ಗೆರೆ. ಪ್ಲಾನ್‌ನಲ್ಲಿ ಕಿಟಕಿ ಒಂದಡಿ ಸರಿದರೆ ಸೆಕ್ಷನ್, ಎಲಿವೇಶನ್ ಎರಡನ್ನೂ ಕೂತು ತಿದ್ದಬೇಕಿತ್ತು. ಒಂದು ಹಾಳೆ ಮರೆತರೂ ಸೈಟಿನಲ್ಲಿ ಗೋಡೆ ಒಡೆಯುವ ಪ್ರಸಂಗ.

ಬುಡಾಪೆಸ್ಟ್‌ನ ಗ್ರಾಫಿಸಾಫ್ಟ್ 1980ರ ದಶಕದಲ್ಲೇ ಆರ್ಕಿಕ್ಯಾಡ್ ಮೂಲಕ ಇದಕ್ಕೆ ಪರಿಹಾರ ಹುಡುಕಿತು. 2000ದಲ್ಲಿ ರೆವಿಟ್ ಬಂತು. ಎರಡೇ ವರ್ಷಕ್ಕೆ ಆಟೋಕ್ಯಾಡ್‌ನ ಕಂಪನಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡಿತು. ಇವುಗಳಲ್ಲಿ ಗೋಡೆಗೆ ದಪ್ಪ, ಎತ್ತರ, ಸಾಮಗ್ರಿ ಎಲ್ಲವೂ ಇರುತ್ತವೆ. ಕಿಟಕಿಯನ್ನು ಒಮ್ಮೆ ಸರಿಸಿದರೆ ಎಲ್ಲ ಹಾಳೆಗಳೂ, ಸಾಮಗ್ರಿ ಪಟ್ಟಿಯೂ ಬದಲಾಗುತ್ತವೆ.

ಎಲಿವೇಶನ್‌ಗೆ ಜೀವ ತುಂಬುವ ಬೆಳಕಿನ ಕಥೆ ಇನ್ನೂ ಸೊಗಸಾದದ್ದು. 1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್, ನೋಡುವ ಕಣ್ಣಿನಿಂದ ಹೊರಟ ಕಿರಣಗಳು ಕನ್ನಡಿ, ಗಾಜುಗಳಲ್ಲಿ ಎತ್ತ ತಿರುಗುತ್ತವೆಂದು ಲೆಕ್ಕ ಹಾಕುವ ವಿಧಾನ ಕೊಟ್ಟರು. ಸುಣ್ಣ ಬಳಿದ ಗೋಡೆಗಳ ನಡುವೆ ಹರಡುವ ಮೆತ್ತನೆಯ ಬೆಳಕು ಮಾತ್ರ ಅದಕ್ಕೆ ಸಿಗಲಿಲ್ಲ. 1984ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಖಾಲಿ ಪೆಟ್ಟಿಗೆಯನ್ನು ತೆಗೆದುಕೊಂಡರು: ಒಂದು ಪಕ್ಕ ಕೆಂಪು, ಎದುರು ಪಕ್ಕ ಇನ್ನೊಂದು ಬಣ್ಣ, ಉಳಿದದ್ದು ಬಿಳಿ. ಅವರ ಲೆಕ್ಕದಲ್ಲಿ ಮೂಡಿದ ಚಿತ್ರದಲ್ಲಿ ಬಿಳಿ ನೆಲಕ್ಕೆ ಪಕ್ಕದ ಗೋಡೆಯ ಕೆಂಪು ತುಸು ಹತ್ತಿತ್ತು, ನಿಜವಾದ ಕೋಣೆಯಲ್ಲಿ ಹತ್ತುವಂತೆಯೇ. ಇವತ್ತಿನ ರೆಂಡರ್‌ಗಳು, ಅಂದರೆ ಹೀಗೆ ಲೆಕ್ಕ ಹಾಕಿ ಮೂಡಿಸಿದ ಚಿತ್ರಗಳು, ನಂಬುವಂತೆ ಕಾಣುವುದಕ್ಕೆ ಈ ಸೂಕ್ಷ್ಮವೂ ಕಾರಣ. ಬಲ್ಗೇರಿಯಾದ ವಿ-ರೇ ಸಾಫ್ಟ್‌ವೇರ್ ಇಂಥ ಲೆಕ್ಕವನ್ನು ವಾಸ್ತುಶಿಲ್ಪಿಗಳ ಮೇಜಿಗೆ ತಂದಿತು, ಆದರೆ ಒಂದು ಚಿತ್ರಕ್ಕೆ ರಾತ್ರಿಯಿಡೀ ಕಾಯಬೇಕಾಗುತ್ತಿತ್ತು. ಟ್ವಿನ್‌ಮೋಷನ್ ಮತ್ತು 2010ರಲ್ಲಿ ಬಂದ ಲ್ಯೂಮಿಯನ್ ವಿಡಿಯೊ ಗೇಮ್‌ಗಳ ತಂತ್ರದಿಂದ ಆ ಕಾಯುವಿಕೆಯನ್ನು ತಗ್ಗಿಸಿದವು.

ಗೆರೆ, ಬೆಳಕು ಎರಡರ ನಡುವೆ ನಿಂತದ್ದು ಸ್ಕೆಚ್‌ಅಪ್. 2000ದಲ್ಲಿ ಬಂದ ಇದರಲ್ಲಿ ಚೌಕವೊಂದನ್ನು ಬರೆದು ಮೇಲಕ್ಕೆ ಎಳೆದರೆ ಕೋಣೆ ಎದ್ದು ನಿಲ್ಲುತ್ತದೆ. ಕಲಿಯುವುದು ಸುಲಭ, ಅಪಾಯವೂ ಅದರಲ್ಲೇ. ದಪ್ಪವೇ ಇಲ್ಲದ ಗೋಡೆಗೆ ಕಲ್ಲಿನ ಚಿತ್ರ ಅಂಟಿಸಿ ಮಾಡಿದ ಎಲಿವೇಶನ್‌ಗೆ ಮಾಲೀಕರು ಮರುಳಾಗುತ್ತಾರೆ. ಮೆಟ್ಟಿಲ ಮೇಲೆ ತಲೆ ತಾಗುತ್ತದೆಂದು ತಿಳಿಯುವುದು ಸೆಂಟ್ರಿಂಗ್ ಹೊಡೆಯುವಾಗ.

ಆದ್ದರಿಂದ ಸಣ್ಣ ಕಚೇರಿ ಮೊದಲ ಹಣವನ್ನು ಗೆರೆಯ ಮೇಲೇ ಹಾಕುವುದು ಒಳ್ಳೆಯದು. ಬಿಡಿ ಮನೆಗಳಿಗೆ ಆಟೋಕ್ಯಾಡ್ ಸಾಕು. ಅದರ ಡಿಡಬ್ಲ್ಯುಜಿ ಫೈಲನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೇರವಾಗಿ ತೆರೆಯಬಲ್ಲರು. ಪೈಪು, ವೈರಿಂಗ್, ಬೀಮುಗಳು ಒಂದಕ್ಕೊಂದು ಅಡ್ಡ ಬರುವ ಬಹುಮಹಡಿ ಕಟ್ಟಡಕ್ಕೆ ರೆವಿಟ್ ಅಥವಾ ಆರ್ಕಿಕ್ಯಾಡ್ ಬೇಕು. ಲ್ಯೂಮಿಯನ್ ಕೊಳ್ಳುವವರು ಗ್ರಾಫಿಕ್ಸ್ ಕಾರ್ಡಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಿದ್ಯಾರ್ಥಿಗಳಿಗೆ ಬ್ಲೆಂಡರ್ ಇದೆ: 2002ರಲ್ಲಿ ಬೆಂಬಲಿಗರು 1 ಲಕ್ಷ ಯೂರೊ ಕೂಡಿಸಿ ಎಲ್ಲರಿಗೂ ಮುಕ್ತಗೊಳಿಸಿದ ಈ ಸಾಫ್ಟ್‌ವೇರ್‌ನ ಚಿತ್ರಗಳು ಯಾವ ದುಬಾರಿ ಸರಕಿಗೂ ಕಡಿಮೆಯಿಲ್ಲ. ಮೇಸ್ತ್ರಿಗೆ ಕೊಡುವ ನಕ್ಷೆಯನ್ನು ಮಾತ್ರ ಅದರಲ್ಲಿ ಮಾಡಲು ಹೋಗಬಾರದು.

ಈಗ ಎರಡು ದಾರಿಗಳೂ ಹತ್ತಿರವಾಗುತ್ತಿವೆ. ಎನ್‌ಸ್ಕೇಪ್‌ನಂಥ ರೆಂಡರ್ ಸಾಫ್ಟ್‌ವೇರ್‌ಗಳು ರೆವಿಟ್, ಸ್ಕೆಚ್‌ಅಪ್‌ಗಳ ಜೊತೆಗೇ ಓಡುತ್ತವೆ. ಮಾಡೆಲ್‌ನಲ್ಲಿ ಕಿಟಕಿ ಸರಿದರೆ ಪಕ್ಕದ ಪರದೆಯಲ್ಲಿ ನೆಲದ ಮೇಲಿನ ಬಿಸಿಲೂ ಆಗಲೇ ಸರಿಯುತ್ತದೆ.