ನಷ್ಟದಾಗ ಇರೋ ಮಾಲೀಕನ ಮುಂದ ಅಭಿಮಾನಿ ಏನ್ ಮಾಡ್ಬೇಕು?

ಕಮತಗಿಯಿಂದ ಮಾತಾಡ್ತಾ ಇದೀನಿ. ಹಿಂದೆ ಟಕ್ ಟಕ್ ಅಂತ ಸದ್ದು ಕೇಳಿಸಿದ್ರೆ ಬೇಜಾರಾಗಬೇಡಿ, ಅದು ಪಕ್ಕದ ಮನೆ ಮಗ್ಗ. ಎಷ್ಟು ಸಲ ಎಡಿಟ್ ಮಾಡಿದ್ರೂ ಹೋಗಲ್ಲ, ಅದಕ್ಕೇ ಈಗ ಹಾಗೇ ಬಿಟ್ಟುಬಿಟ್ಟಿದೀನಿ.

ಇವತ್ತಿನ ಕಥೆ ಒಂದು ಸೋಲಿನಿಂದ ಶುರು ಮಾಡ್ತೀನಿ. 2023ರ ಮಾರ್ಚ್ 18, ಗೋವಾದ ಫತೋರ್ಡಾ ಮೈದಾನ, ಇಂಡಿಯನ್ ಸೂಪರ್ ಲೀಗ್ ಫೈನಲ್. ಒಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಎಟಿಕೆ ಮೋಹನ್ ಬಗಾನ್. ಆಟ 2-2ರಲ್ಲಿ ನಿಂತಿತು. ಶೂಟೌಟ್‌ನಲ್ಲಿ ಅವರು 4-3ರಿಂದ ಗೆದ್ದರು. ನಾನು ಮನೆ ಮುಂದಿನ ಕಟ್ಟೆ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿದ್ದೆ. ಪಕ್ಕದಲ್ಲಿ ನಮ್ಮ ಕಾಕಾ. ಅವರಿಗೆ ಫುಟ್‌ಬಾಲ್ ಅಷ್ಟಕ್ಕಷ್ಟೇ, ಆದರೆ ನನ್ನ ಮುಖ ನೋಡಿ ಎದ್ದು ಹೋಗಲಿಲ್ಲ.

ಆ ರಾತ್ರಿಯೇ ಗೆದ್ದ ತಂಡದ ಮಾಲೀಕ ಸಂಜೀವ್ ಗೋಯೆಂಕಾ ಒಂದು ಘೋಷಣೆ ಮಾಡಿದರು. ಮುಂದಿನ ಸೀಸನ್‌ನಿಂದ ತಂಡದ ಹೆಸರಿನಲ್ಲಿ 'ಎಟಿಕೆ' ಇರಲ್ಲ. ಇಷ್ಟೇ ಸುದ್ದಿ. ಕಪ್ ಗೆದ್ದದ್ದಕ್ಕಿಂತ ಆ ಮೂರು ಅಕ್ಷರ ಹೋದದ್ದಕ್ಕೆ ಹೆಚ್ಚು ಖುಷಿಪಟ್ಟ ಬಗಾನ್ ಅಭಿಮಾನಿಗಳ ವಿಡಿಯೋಗಳನ್ನ ನಾನು ಮುಂಜಾನೆವರೆಗೂ ನೋಡ್ತಾ ಕೂತಿದ್ದೆ. ಕಾಕಾ ಮಲಗೋಕೆ ಹೋಗುವಾಗ ಕೇಳಿದ್ರು: "ಅಲ್ಲೋ, ಸೋತವ್ರು ಹೆಸರು ಬದ್ಲಿ ಮಾಡ್ಕೊಳ್ಳೋದು ಕೇಳೀನಿ. ಗೆದ್ದವ್ರು ಯಾಕ ಮಾಡ್ಕೊಂತಾರ?"

ಅದಕ್ಕೆ ಉತ್ತರ ಹೇಳಬೇಕಂದ್ರೆ ಸ್ವಲ್ಪ ಹಿಂದೆ ಹೋಗಬೇಕು. ಹೋದ್ರೆ ಬೆಂಗಳೂರಿಗೇ ಬಂದು ನಿಲ್ತೀವಿ, ಅದೇ ಮಜಾ.

ಮೋಹನ್ ಬಗಾನ್ ಹುಟ್ಟಿದ್ದು 1889ರಲ್ಲಿ. 1911ರ ಜುಲೈ 29ರಂದು ಐಎಫ್ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನ 2-1ರಿಂದ ಸೋಲಿಸಿದ್ದು ಇದೇ ತಂಡ. ಹನ್ನೊಂದು ಜನರಲ್ಲಿ ಹತ್ತು ಜನ ಬರಿಗಾಲಲ್ಲಿ ಆಡಿದ್ದರು. ಈಸ್ಟ್ ಬೆಂಗಾಲ್ ಶುರುವಾದದ್ದು 1920ರಲ್ಲಿ. ಪೂರ್ವ ಬಂಗಾಳದ ಬೇರು ಇದ್ದವರ ತಂಡ. ಎರಡೂ ಸದಸ್ಯರ ಸಂಘಗಳು. ನಮ್ಮೂರಲ್ಲಿ ತರುಣ ಸಂಘ ಇರುತ್ತಲ್ಲ, ವರ್ಗಣಿ ಕೊಟ್ಟವರೆಲ್ಲ ಸದಸ್ಯರು, ಚುನಾವಣೆ ಆಗುತ್ತೆ, ಜಗಳ ಆಗುತ್ತೆ. ಅದರ ದೊಡ್ಡ ರೂಪ ಅಂದ್ಕೊಳ್ಳಿ. ಅಲ್ಲಿ 'ಮಾಲೀಕ' ಅನ್ನೋ ಪದವೇ ಇರಲಿಲ್ಲ.

ಅದು ಬಂದದ್ದು 1998ರಲ್ಲಿ, ಬೆಂಗಳೂರಿನಿಂದ. ವಿಜಯ್ ಮಲ್ಯ ಅವರ ಯುಬಿ ಗ್ರೂಪ್ ಎರಡೂ ಕ್ಲಬ್‌ಗಳ ಫುಟ್‌ಬಾಲ್ ತಂಡಕ್ಕೆ ಬೇರೆ ಬೇರೆ ಕಂಪನಿ ಮಾಡಿಸಿ, ಎರಡರಲ್ಲೂ 50 ಪರ್ಸೆಂಟ್ ಪಾಲು ತಗೊಂಡಿತು. ಎರಡರಲ್ಲೂ! ಒಬ್ಬರನ್ನೊಬ್ಬರು ಕಂಡರೆ ಆಗದ ಎರಡು ತಂಡ, ಅರ್ಧ ಪಾಲು ಒಂದೇ ಮನೆಯದ್ದು. ಒಂದರ ಹೆಸರು ಮೆಕ್‌ಡೊವೆಲ್ ಮೋಹನ್ ಬಗಾನ್, ಇನ್ನೊಂದರದ್ದು ಕಿಂಗ್‌ಫಿಶರ್ ಈಸ್ಟ್ ಬೆಂಗಾಲ್. ಮದ್ಯದ ಜಾಹೀರಾತನ್ನ ಟಿವಿಯಲ್ಲಿ ನೇರವಾಗಿ ತೋರಿಸೋಕೆ ಆಗದ ದೇಶದಲ್ಲಿ, ತಂಡದ ಹೆಸರೇ ಜಾಹೀರಾತು. ಹತ್ತು ವರ್ಷ ಆದಮೇಲೆ ಕ್ರಿಕೆಟ್‌ನಲ್ಲಿ ಅದೇ ಮನೆಯಿಂದ ರಾಯಲ್ ಚಾಲೆಂಜರ್ಸ್ ಬಂತು. ರಾಯಲ್ ಚಾಲೆಂಜ್ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಬಿಕಾಂ ಓದಿದವನಾಗಿ ನನಗೆ ಇಲ್ಲಿ ಕಾಣೋದು ಇದು. 1998ರಲ್ಲಿ ಕ್ಲಬ್ಬು ಮತ್ತು ತಂಡ ಎರಡು ಹೋಳಾದವು. ಸಂಘ ಒಂದು ಕಡೆ: ಅದರ ಹತ್ತಿರ ಇತಿಹಾಸ, ಬಣ್ಣ, ಲಾಂಛನ, ಸದಸ್ಯರು. ಕಂಪನಿ ಇನ್ನೊಂದು ಕಡೆ: ಅದರ ಹತ್ತಿರ ಆಟಗಾರರ ಕರಾರು, ಬ್ಯಾಂಕ್ ಖಾತೆ. ಸಂಘದ ಸದಸ್ಯನಿಗಾದರೂ ಒಂದು ಓಟು ಇತ್ತು. ಗ್ಯಾಲರಿಯಲ್ಲಿ ಕೂತು ಗಂಟಲು ಹರ್ಕೊಳ್ಳೋ ಮನುಷ್ಯನ ಹೆಸರು ಎರಡೂ ಪುಸ್ತಕದಲ್ಲಿ ಇರಲಿಲ್ಲ.

ವಿಚಿತ್ರ ಅಂದ್ರೆ, ಅದೇ 1998ರಲ್ಲಿ ಜರ್ಮನಿಯವರೂ ಇದೇ ಪ್ರಶ್ನೆ ಎದುರಿಸಿದರು. ತಂಡವನ್ನ ಕಂಪನಿ ಮಾಡಿ, ಪರವಾಗಿಲ್ಲ. ಆದರೆ ಅರ್ಧಕ್ಕಿಂತ ಒಂದು ಓಟು ಜಾಸ್ತಿ ಸದಸ್ಯರ ಸಂಘದ ಕೈಯಲ್ಲೇ ಇರಬೇಕು ಅಂತ ನಿಯಮ ಬರೆದರು. ಲೆವರ್‌ಕುಸನ್, ವೋಲ್ಫ್ಸ್‌ಬುರ್ಗ್ ತರಹದ ಕೆಲವಕ್ಕೆ ವಿನಾಯಿತಿ ಇದೆ. ಅಲ್ಲಿನ ಲೀಗ್ 2023ರ ಕೊನೆಗೆ ಟಿವಿ ಆದಾಯದ ಒಂದು ಪಾಲನ್ನ ಹೊರಗಿನ ಹೂಡಿಕೆದಾರರಿಗೆ ಕೊಡೋಕೆ ಹೊರಟಾಗ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಬಾಲ್ ಎಸೆದರು. ವಾರ ವಾರ. ಆಟ ನಿಲ್ತಿತ್ತು, ಆರಿಸ್ತಿದ್ದರು, ಮತ್ತೆ ಎಸೀತಿದ್ದರು. 2024ರ ಫೆಬ್ರವರಿಯಲ್ಲಿ ಲೀಗ್ ಆ ವ್ಯವಹಾರವನ್ನೇ ಕೈಬಿಟ್ಟಿತು.

ಈಗ ನಿಮ್ಮಲ್ಲಿ ಅರ್ಧ ಜನ ಕಾಯ್ತಿರೋ ಹೆಸರಿಗೆ ಬರ್ತೀನಿ: ಮ್ಯಾಂಚೆಸ್ಟರ್ ಯುನೈಟೆಡ್. ಹುನಗುಂದ, ಇಳಕಲ್, ಬಾಗಲಕೋಟೆಯಲ್ಲಿ ರಾತ್ರಿ ಒಂದೂವರೆಗೆ ಎದ್ದು ನೋಡೋ ಹುಡುಗರು ಎಷ್ಟು ಜನ ಇದ್ದೀರಿ ಅಂತ ನನ್ನ ಇನ್‌ಬಾಕ್ಸ್‌ಗೆ ಗೊತ್ತು. 2005ರಲ್ಲಿ ಗ್ಲೇಜರ್ ಮನೆತನ ಸುಮಾರು 79 ಕೋಟಿ ಪೌಂಡ್‌ಗೆ ಅದನ್ನ ಕೊಂಡಿತು, ದೊಡ್ಡ ಭಾಗ ಸಾಲದ ದುಡ್ಡಿನಿಂದ. ಕಾಕಾಗೆ ಹೀಗೆ ಹೇಳಿದೆ: "ಒಬ್ಬ ಹೊರಗಿನವ ಬಂದು ನಮ್ಮೂರಲ್ಲಿ ನೂರು ಮಗ್ಗದ ಶೆಡ್ ಕೊಳ್ತಾನೆ. ಕೊಳ್ಳೋಕೆ ಸಾಲ ಮಾಡ್ತಾನೆ. ಸಾಲಕ್ಕೆ ಅಡ ಇಡೋದು ಅದೇ ಶೆಡ್ಡು. ಕಂತು ಕಟ್ಟೋದು ಅಲ್ಲಿ ನೇದ ಸೀರೆ ಮಾರಿ." ಕಾಕಾ ನಕ್ಕರು: "ಅವ ಶಾಣ್ಯಾ ಅದಾನ ಬಿಡು."

ಕೊಳ್ಳೋ ಮೊದಲು ಸಾಲವೇ ಇಲ್ಲದಿದ್ದ ಕ್ಲಬ್ಬು ಆಮೇಲೆ ವರ್ಷ ವರ್ಷ ಬಡ್ಡಿ ಕಟ್ಟಿತು. ಕೆಲವು ಅಭಿಮಾನಿಗಳು ಅದೇ ವರ್ಷ ಹೊರಬಂದು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಅಂತ ತಮ್ಮದೇ ತಂಡ ಕಟ್ಟಿದರು. 2010ರಲ್ಲಿ ಸಾವಿರಾರು ಜನ ಕೆಂಪು ಬಿಟ್ಟು ಹಸಿರು-ಬಂಗಾರ ಬಣ್ಣದ ಸ್ಕಾರ್ಫ್ ಹಾಕಿ ಬಂದರು. ಕ್ಲಬ್ಬಿಗೆ ನ್ಯೂಟನ್ ಹೀತ್ ಅಂತ ಹೆಸರಿದ್ದ ಕಾಲದ ಬಣ್ಣ ಅದು. 2021ರ ಮೇ 2ರಂದು ಮೈದಾನಕ್ಕೇ ನುಗ್ಗಿ ಲಿವರ್‌ಪೂಲ್ ವಿರುದ್ಧದ ಪಂದ್ಯ ನಿಲ್ಲಿಸಿದರು. ಅವರ ಸಿಟ್ಟಿಗೆ ಒಂದು ಗುರಿ ಇತ್ತು: ಆ ಮಾಲೀಕ ದುಡ್ಡು ತೆಗೀತಿದ್ದ, ಟಿಕೆಟ್ ಕೊಳ್ಳದಿದ್ದರೆ ಅವನಿಗೆ ತಟ್ಟುತ್ತೆ ಅನ್ನೋ ಲೆಕ್ಕ.

ಕಾಕಾ ಆಗ ಕೇಳಿದ ಪ್ರಶ್ನೆಯಿಂದಲೇ ಈ ಸಂಚಿಕೆ ಹುಟ್ಟಿದ್ದು. "ಸರಿ, ನಿನ್ನ ಬೆಂಗಳೂರಿನವ್ರಿಗೆ ಎಷ್ಟು ಉಳೀತೈತಿ?"

ಉಳಿಯಲ್ಲ ರೀ. ಐಎಸ್‌ಎಲ್ ಕ್ಲಬ್‌ಗಳು ನಷ್ಟದಲ್ಲೇ ನಡೀತಾವೆ ಅಂತ ಮಾಲೀಕರೇ ಹಲವು ಸಲ ಹೇಳಿದ್ದಾರೆ. ಆಟಗಾರರ ಸಂಬಳ, ಪ್ರಯಾಣ, ಮೈದಾನದ ಖರ್ಚು, ಅದರ ಮೇಲೆ ಲೀಗಿಗೆ ಕಟ್ತಿದ್ದ ಫ್ರಾಂಚೈಸಿ ಶುಲ್ಕ. ಟಿಕೆಟ್ಟು, ಜೆರ್ಸಿ ಮಾರಿ ಅದು ಹುಟ್ಟೋ ಮಾತಲ್ಲ. ಕಾಕಾ ನಂಬಲಿಲ್ಲ. "ಲಾಭ ಇಲ್ದ ಯಾವ ಸಾವ್ಕಾರ ಮಗ್ಗ ಹಾಕ್ಯಾನಪಾ?"

ಲಾಭ ಇದೆ, ಆದರೆ ಅದು ತಂಡದ ಲೆಕ್ಕಪತ್ರದಲ್ಲಿ ಕಾಣಲ್ಲ. ಅವರು ಕೊಳ್ಳೋದು ಹೆಸರನ್ನ. ಇದನ್ನ ಇಟ್ಕೊಂಡು ನೋಡಿದರೆ ನಮ್ಮ ಫುಟ್‌ಬಾಲಿನ ಎಷ್ಟೋ ಘಟನೆ ಅರ್ಥ ಆಗ್ತಾವೆ. ಮಹೀಂದ್ರ ಯುನೈಟೆಡ್ 2010ರಲ್ಲಿ ಮುಚ್ಚಿತು. ದೇಶದ ಮೊದಲ ನ್ಯಾಷನಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಆಟಕ್ಕೆ ಸಾಕಷ್ಟು ಪ್ರಚಾರ ಸಿಗ್ತಿಲ್ಲ ಅಂತಲೇ ಕಂಪನಿ ಕಾರಣ ಕೊಟ್ಟಿತ್ತು. ಸೋತದ್ದಕ್ಕಲ್ಲ, ಕಾಣಿಸದೇ ಇದ್ದದ್ದಕ್ಕೆ. 2019ರಲ್ಲಿ ದೆಹಲಿಯ ತಂಡ ಎತ್ಕೊಂಡು ಹೋಗಿ ಒಡಿಶಾ ಆಯಿತು. ದೆಹಲಿಯಲ್ಲಿ ಚಪ್ಪಾಳೆ ಹೊಡೆದವನನ್ನ ಯಾರೂ ಕೇಳಲಿಲ್ಲ.

ಈಗ ಬಗಾನ್‌ಗೆ ವಾಪಸ್ ಬರೋಣ. 2014ರಲ್ಲಿ ಐಎಸ್‌ಎಲ್ ಶುರುವಾದಾಗ ಕೋಲ್ಕತ್ತಾಗೆ ಹೊಸ ತಂಡ ಬಂತು, ಅಟ್ಲೆಟಿಕೊ ಡಿ ಕೋಲ್ಕತ್ತಾ, ಮುಂದೆ ಬರೀ ಎಟಿಕೆ. ಮೂರು ಸಲ ಚಾಂಪಿಯನ್ ಆಯಿತು. 2020ರಲ್ಲಿ ಅದರ ಮಾಲೀಕ ಆರ್‌ಪಿಎಸ್‌ಜಿ ಗ್ರೂಪ್ ಮೋಹನ್ ಬಗಾನ್ ಫುಟ್‌ಬಾಲ್ ಕಂಪನಿಯ 80 ಪರ್ಸೆಂಟ್ ತಗೊಂಡು ಎರಡನ್ನೂ ಸೇರಿಸಿತು. ಆರು ವರ್ಷದ ಹೆಸರು ಮುಂದೆ, ನೂರಾ ಮೂವತ್ತು ವರ್ಷದ ಹೆಸರು ಹಿಂದೆ. ಹಸಿರು-ಕೆಂಗಂದು ಬಣ್ಣ ಉಳೀತು, ಹಾಯಿದೋಣಿಯ ಲಾಂಛನ ಉಳೀತು, ಆದರೆ ಅದರೊಳಗೂ ಎಟಿಕೆ ಅಂತ ಬಂತು.

'ಎಟಿಕೆ ತೆಗೀರಿ' ಚಳವಳಿ ಶುರುವಾಯಿತು. ಕೊರೊನಾ ಕಾಲ, ಪಂದ್ಯಗಳೆಲ್ಲ ಗೋವಾದ ಖಾಲಿ ಮೈದಾನದಲ್ಲಿ. ಬಹಿಷ್ಕಾರ ಹಾಕೋಕೂ ಗ್ಯಾಲರಿ ಇಲ್ಲ. ಹಾಗಾಗಿ ಮಾಲೀಕರ ಪ್ರತಿ ಪೋಸ್ಟಿನ ಕೆಳಗೂ ಅದೇ ಎರಡು ಪದ. ಗ್ಯಾಲರಿ ತೆರೆದಮೇಲೆ ಬ್ಯಾನರ್. ಲಾಭ ಬರ್ತಿಲ್ಲದ ತಂಡವನ್ನ ಟಿಕೆಟ್ ನಿಲ್ಲಿಸಿ ಹೆದರಿಸೋಕಾಗಲ್ಲ. ಆದರೆ ಒಳ್ಳೆ ಹೆಸರಿಗಾಗಿ ದುಡ್ಡು ಸುರಿದವನಿಗೆ ದಿನಾ ಕೆಟ್ಟ ಹೆಸರು ಬಂದರೆ? ಅದು ತಟ್ಟಿತು ಅಂತ ನನ್ನ ಅನಿಸಿಕೆ. ಮೂರು ವರ್ಷ ಬೇಕಾಯಿತು ಅಷ್ಟೇ.

ಪೂರ್ತಿ ಗೆಲುವೇನಲ್ಲ. ಎಟಿಕೆ ಹೋಗಿ 'ಸೂಪರ್ ಜೈಂಟ್' ಬಂತು. ಲಖನೌ ಕ್ರಿಕೆಟ್ ತಂಡದ ಹೆಸರು ನೆನಪು ಮಾಡ್ಕೊಳ್ಳಿ, ಅದೂ ಇದೇ ಮಾಲೀಕರದ್ದು. ಮುಂದಿದ್ದ ಬ್ರಾಂಡು ಹಿಂದೆ ಹೋಯಿತು. ಕಾಕಾ ಇದನ್ನ ನನಗಿಂತ ಬೇಗ ಹಿಡಿದರು: "ಒಡಲ ಬಣ್ಣ ಯಾವುದರ ಹಾಕ್ಲಿ, ತೋಪಿನ ಸೆರಗು ಇರ್ಬೇಕು. ಅದಿಲ್ಲಂದ್ರ ಇಳಕಲ್ ಸೀರಿ ಅಂತ ಯಾರ ಒಪ್ತಾರ?"

ಈಸ್ಟ್ ಬೆಂಗಾಲ್ ಕಥೆ ಇನ್ನೂ ಗೋಜಲು, ಅಲ್ಲೂ ಬೆಂಗಳೂರಿನ ನಂಟು. 2018ರಲ್ಲಿ ಬೆಂಗಳೂರಿನ ಕ್ವೆಸ್ ಕಾರ್ಪ್ 70 ಪರ್ಸೆಂಟ್ ಪಾಲಿನೊಂದಿಗೆ ಬಂತು, 2020ಕ್ಕೆ ಹೊರಟುಹೋಯಿತು. ಆಮೇಲೆ ಶ್ರೀ ಸಿಮೆಂಟ್. ಅಂತಿಮ ಒಪ್ಪಂದಕ್ಕೆ ಕ್ಲಬ್ ಪದಾಧಿಕಾರಿಗಳು ಸಹಿ ಹಾಕಲಿಲ್ಲ. 2021ರ ಜುಲೈ 21ರಂದು ಕ್ಲಬ್ ಮುಂದೆ ಸೇರಿದ ಅಭಿಮಾನಿಗಳ ಮೇಲೆ ಪೊಲೀಸರ ಲಾಠಿ ಬಿತ್ತು. ಅಲ್ಲಿ ಒಂದು ಗುಂಪಿನ ಸಿಟ್ಟು ಹೂಡಿಕೆದಾರನ ಮೇಲಲ್ಲ, ಸ್ವಂತ ಪದಾಧಿಕಾರಿಗಳ ಮೇಲಿತ್ತು: ಸಹಿ ಹಾಕಿ, ಇಲ್ಲಾಂದ್ರೆ ತಂಡವೇ ಇರಲ್ಲ ಅಂತ. ಸಂಘ ಅಂದ ತಕ್ಷಣ ಜನರದ್ದು ಅಂತ ತಿಳ್ಕೊಳ್ಳೋ ನನ್ನಂಥವರಿಗೆ ಅದು ಪಾಠ.

ಬೆಂಗಳೂರು ಎಫ್‌ಸಿ ಮಾತ್ರ ಬೇರೆ ಅಂತ ನಾನು ನಂಬಿದ್ದೆ. 2013ರಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ತಂಡ. ನಮ್ಮ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯವರೇ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಹಳೇ ಫುಟ್‌ಬಾಲ್ ಸ್ಟೇಡಿಯಮ್ಮಿನ ಪಶ್ಚಿಮ ಗ್ಯಾಲರಿಯಲ್ಲಿ ನಿಂತವರು ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಗುಂಪು ಕಟ್ಟಿದರು. ನಾನು ರಾತ್ರಿ ಬಸ್ ಹತ್ತಿ ಕಂಠೀರವಕ್ಕೆ ಹೋಗಿ, ಪಂದ್ಯ ಮುಗಿಸಿ ಅದೇ ರಾತ್ರಿ ಬಸ್ಸಿಗೆ ವಾಪಸ್ ಬಂದದ್ದಿದೆ. ಹೆಸರಿನಲ್ಲಿ ಊರಿತ್ತು, ಬೇರೆ ಬ್ರಾಂಡ್ ಇರಲಿಲ್ಲ. ಅಷ್ಟು ಸಾಕಿತ್ತು ನನಗೆ.

2010ರ ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಫೆಡರೇಷನ್ನು ವಾಣಿಜ್ಯ ಹಕ್ಕುಗಳನ್ನ 700 ಕೋಟಿ ರೂಪಾಯಿಗೆ 15 ವರ್ಷ ಬರೆದುಕೊಟ್ಟಿತ್ತು. ಆ ಕರಾರು 2025ರ ಡಿಸೆಂಬರ್‌ಗೆ ಮುಗೀಬೇಕಿತ್ತು, ಹೊಸದು ಆಗಿರಲಿಲ್ಲ. ಜುಲೈನಲ್ಲಿ ಲೀಗ್ ನಡೆಸ್ತಿದ್ದ ಸಂಸ್ಥೆ ಸೀಸನ್ನನ್ನ ತಡೆಹಿಡಿಯಿತು. ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿಯ ಪ್ರಕಟಣೆ ಬಂತು: ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟಾವಧಿಗೆ ನಿಲ್ಲಿಸಲಾಗಿದೆ. ಕಿರಿಯರ ತಂಡಗಳು, ಮಕ್ಕಳ ಫುಟ್‌ಬಾಲ್ ಶಾಲೆಗಳು ನಡೀತಾವೆ ಅಂತ ಅದರಲ್ಲೇ ಇತ್ತು.

ಮಾಲೀಕರನ್ನ ಬೈಯ್ಯೋಕೆ ಬಾಯಿ ತೆರೆದೆ, ಆದರೆ ಏನಂತ ಬೈಯ್ಯೋದು? ಲೀಗೇ ಇಲ್ಲ, ಆದಾಯವಿಲ್ಲ, ನಷ್ಟದ ಮೇಲೆ ನಷ್ಟ ಯಾಕೆ ಹೊರಬೇಕು ಅಂತ ಕೇಳಿದರೆ ನನ್ನ ಅಕೌಂಟೆನ್ಸಿ ಪುಸ್ತಕ ಅವರ ಪರವೇ ನಿಲ್ಲುತ್ತೆ. ಟಿಕೆಟ್ ಕೊಳ್ಳಲ್ಲ ಅಂತ ಹೆದರಿಸೋಣ ಅಂದ್ರೆ ಮಾರೋಕೆ ಪಂದ್ಯವೇ ಇಲ್ಲ. ಗ್ಲೇಜರ್ ವಿರುದ್ಧ ಸ್ಕಾರ್ಫ್ ಹಾಕಿದವರನ್ನ ಕಂಡು ನನಗೆ ಒಂಥರಾ ಹೊಟ್ಟೆಕಿಚ್ಚಾಯಿತು.

ಕಾಕಾಗೆ ಹೇಳಿದೆ. ಕೂಲಿ ನಿಂತಿದೆ ಅಂದಾಗ ಮಾತ್ರ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದ್ರು. "ಮಗ್ಗ ನಮ್ಮ ಮನ್ಯಾಗ ಇರ್ತೈತಿ. ನೂಲು ಸಾವ್ಕಾರಂದು. ಅವ ನೂಲು ನಿಲ್ಲಿಸಿದ ದಿನ ನಮ್ಮ ಮಗ್ಗ ನಮ್ಮದ ಆದ್ರೂ ಏನ್ ನೇಯೋದು?" ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದ್ರು, "ಆ ಹುಡುಗ್ರು ಎಲ್ಲಿ ಹೋದ್ರು ಈಗ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ನಿಮ್ಮಲ್ಲಿ ಯಾರಾದ್ರೂ 2013ರಲ್ಲಿ ಆ ಪಶ್ಚಿಮ ಗ್ಯಾಲರಿಯಲ್ಲಿ ನಿಂತವರಿದ್ರೆ, ಬೆಂಗಳೂರಿಗೆ ದುಡಿಯೋಕೆ ಹೋಗಿ ಅಲ್ಲೇ ಅಭಿಮಾನಿಯಾದ ನಮ್ಮ ಕಡೆಯವರಿದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಆಗಸ್ಟ್ 4ರ ಸುದ್ದಿ ಬಂದಾಗ ನೀವು ಎಲ್ಲಿದ್ರಿ, ಏನ್ ಮಾಡಿದ್ರಿ, ಅಷ್ಟು ಹೇಳಿದ್ರೆ ಸಾಕು.