ಅಳಿಸಿದ್ದು ಅಳಿಯಿತೇ?

ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಗೆ ಪ್ರತಿ ಭಾನುವಾರ ಸೇರುವ ಸಂತೆಗೆ ಎರಡು ಹೆಸರು. ಒಂದು ರವಿವಾರಿ, ಇನ್ನೊಂದು ಗುಜರಿ ಬಜಾರ್. ಊರು ಕಟ್ಟಿದ ಅಹಮದ್ ಷಾನ ಕಾಲದಿಂದಲೂ ಈ ಸಂತೆ ಇದೆ ಎಂಬ ಪ್ರತೀತಿ ಉಂಟು. ಕನ್ನಡಿಗರಾದ ನಮಗೆ ಹೆಸರು ಕೇಳಿದ ಕೂಡಲೇ ನಗು ಬರುತ್ತದೆ. ನಮ್ಮ ಕಡೆ ಗುಜರಿ ಎಂದರೆ ಹಳೆಯ ಕಬ್ಬಿಣ, ಒಡೆದ ಪ್ಲಾಸ್ಟಿಕ್ಕು, ತೂಕಕ್ಕೆ ಹಾಕುವ ಸಾಮಾನು. ಈ ಪದಕ್ಕೂ ಗುಜರಾತಿಗೂ ನಂಟಿಲ್ಲ. ದಾರಿ ಬದಿಯ ಸಂತೆಗೆ ಹಿಂದೂಸ್ತಾನಿಯಲ್ಲಿದ್ದ ಹೆಸರು ನಮ್ಮಲ್ಲಿಗೆ ಬರುವಷ್ಟರಲ್ಲಿ ಅಲ್ಲಿ ಮಾರುವ ಸಾಮಾನಿನ ಹೆಸರಾಗಿಬಿಟ್ಟಿದೆ. ಮಂಚ, ಮೇಕೆ, ಹಳೆಯ ಪುಸ್ತಕ, ಸ್ಪ್ಯಾನರ್ ಎಲ್ಲ ಸಿಗುವ ಆ ಸಂತೆಯಲ್ಲಿ ಈಗ ಹಳೆಯ ಎಲೆಕ್ಟ್ರಾನಿಕ್ ಸಾಮಾನೂ ಇದೆ. ನಾನು ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸದವನು. ಹೀಗಾಗಿ ಹಳೆಯ ಹಾರ್ಡ್ ಡಿಸ್ಕ್ ಎಲ್ಲಿ ಕಂಡರೂ ಒಂದೇ ಪ್ರಶ್ನೆ ಏಳುತ್ತದೆ: ಇದರೊಳಗೆ ಇನ್ನೂ ಯಾರ ಬದುಕು ಕೂತಿದೆ?

ಪ್ರಶ್ನೆ ಹೊಸದಲ್ಲ. ಬರೆದದ್ದನ್ನು ಉಳಿಸುವುದು ಹೇಗೆ ಎಂದು ಯೋಚಿಸಿದಷ್ಟೇ ಕಾಲದಿಂದ, ಅಳಿಸುವುದು ಹೇಗೆ ಎಂದೂ ಮನುಷ್ಯ ಯೋಚಿಸಿದ್ದಾನೆ. ಆ ಚರಿತ್ರೆಯ ಒಂದು ತುದಿ ನಾವು ಬಿಟ್ಟು ಬಂದ ಕರ್ನಾಟಕದಲ್ಲಿ, ಇನ್ನೊಂದು ನಾವು ಬಂದು ಸೇರಿದ ಗುಜರಾತಿನಲ್ಲಿ ಇದೆ.

ಗುಜರಾತಿನ ಹಳೆಯ ಊರಶಾಲೆಗೆ ಧೂಳಿ ನಿಶಾಳ ಎನ್ನುತ್ತಿದ್ದರು. ಹಲಗೆಯ ಮೇಲೆ ಧೂಳು ಹರಡಿ ಅದರಲ್ಲಿ ಅಂಕಿ ಅಕ್ಷರ ತಿದ್ದುವುದು, ಕೈಯಾಡಿಸಿದರೆ ಎಲ್ಲ ಮಾಯ. ನಮ್ಮ ಕೂಲಿಮಠಗಳಲ್ಲಿ ಮರಳ ಮೇಲೆ ಬೆರಳಾಡಿಸಿ ಕಲಿತದ್ದೂ ಇದೇ ರೀತಿ. ಹಳೆಯ ಗಣಿತಜ್ಞರು ಲೆಕ್ಕಕ್ಕೆ ಧೂಳೀಕರ್ಮ ಎಂದು ಹೆಸರಿಟ್ಟಿದ್ದೂ ಇದರಿಂದಲೇ. ಇದು ಅತ್ಯಂತ ನಂಬಿಕೆಯ ಅಳಿಸುವಿಕೆ. ಕದಡಿದ ಧೂಳಿನಿಂದ ಹಳೆಯ ಲೆಕ್ಕವನ್ನು ಯಾರೂ ಓದಲಾರರು.

ಇದರ ಮುಂದಿನ ಮೆಟ್ಟಿಲು ನಮ್ಮ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದ ಪುಸ್ತಕ ಅದು. ವ್ಯಾಪಾರಿಗಳು, ಶ್ಯಾನುಭೋಗರು, ಮಠಗಳು ಲೆಕ್ಕವಿಡುತ್ತಿದ್ದುದು ಇದರಲ್ಲಿ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳು ಉಳಿದಿವೆ. ಬರೆದದ್ದು ಬೇಡವಾದರೆ ಒರೆಸಿ ಮತ್ತೆ ಮಸಿ ಬಳಿದರಾಯಿತು, ಪುಟ ಹೊಸದು. ಸರ್ಕಾರಿ ಕಚೇರಿಯಲ್ಲಿ ಇವತ್ತು ಫೈಲಿಗೆ ಕಡತ ಎನ್ನುವಾಗ, ಅದು ಮೂಲದಲ್ಲಿ ಒರೆಸಿ ಮತ್ತೆ ಬರೆಯಬಹುದಾದ ವಸ್ತುವಿನ ಹೆಸರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಬಳಪದ ಗೆರೆಯನ್ನು ಒರೆಸಿ ಬಿಡುವುದು ಒಂದು, ಪೂರ್ತಿ ಕಪ್ಪು ಬಳಿಯುವುದು ಇನ್ನೊಂದು. ಈ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗುಜರಾತಿನ ಜೈನ ಭಂಡಾರಗಳ ಕಾಗದದ ಹಸ್ತಪ್ರತಿಗಳಲ್ಲಿ ಮೂರನೆಯ ರೀತಿ ಕಾಣುತ್ತದೆ. ಲಿಪಿಕಾರ ತಪ್ಪು ಬರೆದರೆ ಹರಿತಾಳ ಎಂಬ ಹಳದಿ ಖನಿಜವನ್ನು ಅರೆದು ಆ ಅಕ್ಷರದ ಮೇಲೆ ಬಳಿಯುತ್ತಿದ್ದ. ಕಣ್ಣಿಗೆ ತಪ್ಪು ಕಾಣದು. ಆದರೆ ಶಾಯಿ ಹಳದಿಯ ಕೆಳಗೆ ಇದ್ದೇ ಇರುತ್ತದೆ. ಬಣ್ಣ ಉದುರಿದರೆ ಅದೂ ಇಣುಕುತ್ತದೆ.

ತಾಮ್ರಪಟಗಳ ಕಥೆ ಇನ್ನೂ ರಂಜಕ. ವಡೋದರ ಎಂಬ ಊರಿನ ಹೆಸರು ಮೊದಲು ಸಿಗುವುದೇ ಒಬ್ಬ ರಾಷ್ಟ್ರಕೂಟ ದೊರೆಯ ತಾಮ್ರಶಾಸನದಲ್ಲಿ. ಲಾಟ ದೇಶವನ್ನು, ಅಂದರೆ ಇಂದಿನ ದಕ್ಷಿಣ ಗುಜರಾತನ್ನು, ರಾಷ್ಟ್ರಕೂಟರ ಒಂದು ಶಾಖೆ ಆಳುತ್ತಿತ್ತು. ಆ ಶಾಖೆಯ ಕರ್ಕ ಸುವರ್ಣವರ್ಷ ಶಕ 734ರಲ್ಲಿ, ಅಂದರೆ ಕ್ರಿ.ಶ. 812ರ ಹೊತ್ತಿಗೆ, ವಟಪದ್ರಕ ಎಂಬ ಹಳ್ಳಿಯನ್ನು ದಾನ ಕೊಟ್ಟ. ಆ ವಟಪದ್ರಕವೇ ಇಂದಿನ ವಡೋದರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮಳಖೇಡದ ಮನೆತನದವರು ಬರೆಸಿದ ಅಕ್ಷರ ಉಳಿದದ್ದರಿಂದ ನಮಗೆ ಇಷ್ಟು ಗೊತ್ತು. ಇಂಥ ಶಾಸನಗಳ ಕೊನೆಗೆ, ದಾನವನ್ನು ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನ ಹುಳವಾಗಿ ಹುಟ್ಟುತ್ತಾನೆ ಎಂಬ ಶಾಪ ಇರುವುದು ವಾಡಿಕೆ. ಇಷ್ಟಾದರೂ ಭಾರತದಲ್ಲಿ ಹಳೆಯ ತಾಮ್ರಪಟಗಳನ್ನು ಸುತ್ತಿಗೆಯಿಂದ ಬಡಿದು ಸಮ ಮಾಡಿ ಹೊಸ ಶಾಸನ ಕೊರೆದದ್ದುಂಟು. ಬಡಿತ ಸಾಲದಿದ್ದ ಕಡೆ ಹಳೆಯ ಅಕ್ಷರಗಳ ಗುರುತು ಉಳಿದು, ಲಿಪಿತಜ್ಞರು ಎರಡನ್ನೂ ಓದಿದ್ದಾರೆ. ಅಳಿಸಿದವನ ಸೋಮಾರಿತನ ಚರಿತ್ರಕಾರನ ಭಾಗ್ಯ.

ಇನ್ನು ಸೂರತ್ತಿನ ಶರಾಫರು. ಹಣ ಸಂದಾಯವಾಗಿ ರದ್ದಾದ ಹುಂಡಿಗೆ ಅವರ ಭಾಷೆಯಲ್ಲಿ ಖೋಖಾ ಎಂದು ಹೆಸರು. ಎಂದರೆ ಬರಿಯ ಚಿಪ್ಪು, ಒಳಗೆ ಸತ್ವವಿಲ್ಲದ್ದು. ಕಾಗದ ಉಳಿದಿದೆ, ಬೆಲೆ ಹೋಗಿದೆ. ಕೈ ಬದಲಿಸುವ ಹಾರ್ಡ್ ಡಿಸ್ಕ್ ಹೀಗೆ ಖೋಖಾ ಆಗಿರಬೇಕು. ಅದೇ ವರ್ತಕರ ಲೆಕ್ಕದ ಚೋಪಡಾಗಳಲ್ಲಿ ಸ್ವರಚಿಹ್ನೆ ಬಿಟ್ಟು ಬರಿಯ ವ್ಯಂಜನ ಬರೆಯುವ ಲಿಪಿ ನಡೆಯುತ್ತಿತ್ತು. ಕಾಕಾ ಅಜ್ಮೇರಿಗೆ ಹೋದರು ಎಂದು ಬರೆದದ್ದನ್ನು ಕಾಕಾ ಇಂದು ತೀರಿಕೊಂಡರು ಎಂದು ಓದಿ ಮನೆಯವರೆಲ್ಲ ಅತ್ತರಂತೆ ಎಂಬ ಹಳೆಯ ತಮಾಷೆ ಈ ಲಿಪಿಯದೇ. ಬರೆದದ್ದು ವೇಗಕ್ಕಾಗಿ ಇರಬಹುದು, ಆದರೆ ಹೊರಗಿನವನ ಕೈಗೆ ಪುಸ್ತಕ ಸಿಕ್ಕರೂ ಅರ್ಥ ಸಿಗದು. ಇಂದು ಡಿಸ್ಕನ್ನು ಪೂರ್ತಿ ಗೂಢಲಿಪಿಯಲ್ಲಿಟ್ಟು, ಬೇಡವಾದಾಗ ಕೀಲಿಯನ್ನು ಮಾತ್ರ ನಾಶ ಮಾಡುವ ಪದ್ಧತಿಗೆ ಇದು ದೂರದ ನೆಂಟ.

ಈಗ ಯಂತ್ರಕ್ಕೆ ಬರೋಣ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಅಷ್ಟಕ್ಕೂ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಅದನ್ನು ಯಾರೂ ಗುಜರಿಗೆ ಹೊತ್ತು ಹಾಕುವಂತಿರಲಿಲ್ಲ. ಡಿಸ್ಕ್ ಅಂಗೈಗೆ ಇಳಿದು ಮನೆಮನೆಗೆ ಬಂದ ಮೇಲೆ ತೊಂದರೆ ಶುರುವಾಯಿತು. ನಾವು ಡಿಲೀಟ್ ಒತ್ತಿದಾಗ ಯಂತ್ರ ಮಾಡುವುದು ಇಷ್ಟೇ: ಪುಸ್ತಕದ ಪರಿವಿಡಿಯಲ್ಲಿ ಒಂದು ಸಾಲು ಹೊಡೆದುಹಾಕುತ್ತದೆ, ಅಧ್ಯಾಯ ಹಾಗೆಯೇ ಇರುತ್ತದೆ. ಬೇಗ ಮುಗಿಯುವ ಫಾರ್ಮ್ಯಾಟ್ ಮಾಡಿದರೆ ಪರಿವಿಡಿಯೇ ಹೊಸದಾಗುತ್ತದೆ, ಪುಸ್ತಕ ಆಗಲೂ ಅಲ್ಲೇ ಇರುತ್ತದೆ. ಅದು ಹರಿತಾಳ ಬಳಿದಂತೆ. ನಮಗೆ ಬೇಕಾದದ್ದು ಕಡತಕ್ಕೆ ಮಸಿ ಬಳಿದಂಥ ಕೆಲಸ.

1996ರಲ್ಲಿ ನ್ಯೂಜಿಲೆಂಡಿನ ಪೀಟರ್ ಗಟ್‌ಮನ್ ಒಂದು ಪ್ರಬಂಧ ಮಂಡಿಸಿದರು. ಮೇಲೆ ಹೊಸದು ಬರೆದರೂ ಕಾಂತೀಯ ತಟ್ಟೆಯಲ್ಲಿ ಹಳೆಯದರ ಸುಳಿವು ಉಳಿಯಬಹುದು, ಆದ್ದರಿಂದ ಬೇರೆಬೇರೆ ವಿನ್ಯಾಸಗಳಲ್ಲಿ 35 ಸಲ ಬರೆಯಿರಿ ಎಂಬುದು ಅದರ ಸಾರ. ಆ 35 ವಿನ್ಯಾಸಗಳು ಅಂದಿನವರೆಗಿನ ಎಲ್ಲ ಬಗೆಯ ಡಿಸ್ಕುಗಳಿಗೂ ಸೇರಿ ಮಾಡಿದ ಪಟ್ಟಿ. ಹೊಸ ಡಿಸ್ಕಿಗೆ ಅಷ್ಟೂ ಬೇಡ ಎಂದು ಗಟ್‌ಮನ್ ಅವರೇ ಮುಂದೆ ಬರೆದರು. ಆದರೆ 35 ಎಂಬ ಅಂಕಿ ಮಂತ್ರಸಂಖ್ಯೆಯಂತೆ ಕಚೇರಿಗಳಲ್ಲಿ ಉಳಿದುಬಿಟ್ಟಿತು. ಇವತ್ತಿನ ತಟ್ಟೆಯ ಡಿಸ್ಕಿಗೆ ಆರಂಭದಿಂದ ಕೊನೆಯವರೆಗೆ ಒಂದು ಸಲ ಪೂರ್ತಿ ಬರೆದರೆ ಸಾಕು.

ತಜ್ಞರು 35ರ ಲೆಕ್ಕದಲ್ಲಿದ್ದಾಗ ಜನ ಒಂದು ಸಲವೂ ಅಳಿಸುತ್ತಿರಲಿಲ್ಲ. ಅಮೆರಿಕದಲ್ಲಿ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಎಂಬ ಇಬ್ಬರು 2000ದಿಂದ 2002ರವರೆಗೆ 158 ಹಳೆಯ ಡಿಸ್ಕ್ ಕೊಂಡು ನೋಡಿದರು. ಓದಲು ಬಂದದ್ದು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ಸಂಖ್ಯೆಗಳಿದ್ದವು. ಒಂದು ಡಿಸ್ಕು ಎಟಿಎಂ ಯಂತ್ರದ್ದು, ವಹಿವಾಟಿನ ವಿವರ ಸಮೇತ.

ಬೆಂಕಿ ನೀರುಗಳನ್ನೂ ನಂಬುವಂತಿಲ್ಲ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟೆಯ ನೀರು ತಾಪಿಯಲ್ಲಿ ಉಕ್ಕಿ ಸೂರತ್ತಿನ ಬಹುಭಾಗ ಮುಳುಗಿತು. ಕೆಸರು ತುಂಬಿದ ಕಂಪ್ಯೂಟರ್ ಇನ್ನೇನೂ ಉಳಿದಿಲ್ಲ ಎನ್ನುವಂತೆ ಕಾಣುತ್ತದೆ. ಆದರೆ ನೀರು ಕಾಂತತ್ವವನ್ನು ತೊಳೆಯುವುದಿಲ್ಲ. 2003ರಲ್ಲಿ ಆಕಾಶದಲ್ಲೇ ಒಡೆದುಹೋದ ಕೊಲಂಬಿಯಾ ನೌಕೆಯ ಒಂದು ಡಿಸ್ಕು ಸುಟ್ಟು ನೆಲಕ್ಕೆ ಬಿದ್ದು ತಿಂಗಳುಗಳ ಮೇಲೆ ಸಿಕ್ಕಿತು, ಅದರಿಂದ ಶೇ. 99ರಷ್ಟು ಮಾಹಿತಿಯನ್ನು ಹೊರತೆಗೆದರು. ಸೂರತ್ತಿನ ವಜ್ರದ ಕಾರ್ಖಾನೆಗಳಲ್ಲಿ ಕಲ್ಲನ್ನು ಎಲ್ಲಿ ಕೊಯ್ಯಬೇಕು ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಂಥ ಡಿಸ್ಕು ಹೋಯಿತೆಂದರೆ ಕಲ್ಲಿನ ಪೊಟ್ಟಣ ಬಿಚ್ಚಿ ತೋರಿಸಿದ ಹಾಗೆ.

ನಮ್ಮ ಕಾನೂನು ಇದನ್ನು ತಡವಾಗಿ ಗಮನಿಸಿತು. ಮೊದಲ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಂದು ಜಾರಿಗೆ ಬಂದಾಗ ಚಿಂತೆ ಇದ್ದದ್ದು ಸೀಸ, ಪಾದರಸಗಳ ಬಗ್ಗೆ. ಕೆಲಸ ಮುಗಿದ ಮೇಲೆ ಜನರ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕು ಎಂಬ ಹೊಣೆ ಸ್ಪಷ್ಟವಾಗಿ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ. ನಡುವಿನ ವರ್ಷಗಳಲ್ಲಿ ಎರಡು ಅತಿಗಳನ್ನು ನಾನು ಕಂಡಿದ್ದೇನೆ. ಕೆಲವರು ಯಂತ್ರವನ್ನು ಇದ್ದ ಹಾಗೆಯೇ ಕೊಟ್ಟರು. ಇನ್ನು ಕೆಲವರು ಹೆದರಿ ಪ್ರತಿ ಡಿಸ್ಕಿಗೂ ಡ್ರಿಲ್ ಹಾಕಿಸಿದರು. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಶಾಲೆಗೆ ಕೊಡಲೆಂದು ತೆಗೆದಿಟ್ಟ ಯಂತ್ರಗಳು ಡಿಸ್ಕಿಲ್ಲದೆ ಹೋದವು. ಹೊಸ ಡಿಸ್ಕ್ ಕೊಳ್ಳಲು ಶಾಲೆಯ ಬಳಿ ಹಣವಿರಲಿಲ್ಲ. ಮಕ್ಕಳ ಪಾಲಿಗೆ ಅದೂ ಖೋಖಾ, ಬೇರೆ ಅರ್ಥದಲ್ಲಿ.

ನಡುದಾರಿ ಕಷ್ಟವೇನಲ್ಲ. ತಟ್ಟೆಯ ಡಿಸ್ಕಾದರೆ ಎನ್‌ವೈಪ್‌ನಂಥ ಉಚಿತ ತಂತ್ರಾಂಶದಿಂದ ಪೂರ್ತಿ ಡಿಸ್ಕಿನ ಮೇಲೆ ಒಂದು ಸಲ ಬರೆಸಿ, ಬರೆದದ್ದು ಸರಿಯಾಯಿತೇ ಎಂದು ಓದಿಸಿ ನೋಡಿ. ದೊಡ್ಡ ಡಿಸ್ಕಿಗೆ ಒಂದು ರಾತ್ರಿ ಬೇಕಾಗಬಹುದು. ಎಸ್‌ಎಸ್‌ಡಿ ಆದರೆ ಈ ಉಪಾಯ ಸಾಲದು. ಸವಕಳಿ ಹಂಚಿಕೊಳ್ಳಲು ಅದು ಹೊಸ ಬರಹವನ್ನು ಬೇರೆ ಜಾಗದಲ್ಲಿಟ್ಟು ಹಳೆಯದನ್ನು ಒಳಗೇ ಉಳಿಸಿಕೊಳ್ಳುತ್ತದೆ. ಒಂದೊಂದೇ ಫೈಲು ಅಳಿಸುವ ಯಾವ ವಿಧಾನವೂ ಅದರಲ್ಲಿ ಪೂರ್ತಿ ಫಲಿಸಲಿಲ್ಲ ಎಂದು ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2011ರಲ್ಲೇ ತೋರಿಸಿದರು. ಅದಕ್ಕೆ ಡಿಸ್ಕಿನೊಳಗೇ ಇರುವ ಸುರಕ್ಷಿತ ಅಳಿಸುವ ಆದೇಶವನ್ನು ಕೊಡಬೇಕು. ಮೊದಲಿನಿಂದಲೂ ಗೂಢಲಿಪಿಯಲ್ಲಿ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಕೆಟ್ಟು ನಿಂತು ಆದೇಶವನ್ನೇ ಕೇಳದ ಡಿಸ್ಕಿಗೆ ಮಾತ್ರ ಡ್ರಿಲ್, ಸುತ್ತಿಗೆ.

ಇಷ್ಟು ಹೇಳಿದ ಮೇಲೂ ಒಂದು ಅಳುಕು ಉಳಿಯುತ್ತದೆ. ಸರಿಯಾಗಿ ಬಡಿಯದ ತಾಮ್ರಪಟವನ್ನು ಓದಿದಂತೆ, ಸರಿಯಾಗಿ ಅಳಿಸಿದ ಡಿಸ್ಕನ್ನು ಮುಂದೆ ಯಾರೂ ಓದಲಾರರು. ನಮ್ಮಂತೆ ಊರು ಬಿಟ್ಟು ಬಂದವರ ಕನ್ನಡ ಹೆಚ್ಚಾಗಿ ಅಚ್ಚಾಗಿಲ್ಲ. ಸಂಘದ ನಾಟಕದ ಪ್ರತಿ, ರಾಜ್ಯೋತ್ಸವದ ಭಾಷಣ, ಊರಿಗೆ ಬರೆದ ಪತ್ರ ಎಲ್ಲ ಬರಹದಲ್ಲೋ ನುಡಿಯಲ್ಲೋ ಟೈಪಿಸಿ ಹಳೆಯ ಡಿಸ್ಕುಗಳಲ್ಲೇ ಕೂತಿದೆ. ತೀರಿಕೊಂಡ ಹಿರಿಯರೊಬ್ಬರ ಕಂಪ್ಯೂಟರನ್ನು ದಾನಕ್ಕೆ ಸಿದ್ಧ ಮಾಡಿಕೊಡಿ ಎಂದು ಅವರ ಮಗ ನನಗೆ ಕೊಟ್ಟಿದ್ದರು. ತೆರೆದರೆ ಧಾರವಾಡದ ಬಾಲ್ಯದ ನೆನಪುಗಳು ನಲವತ್ತು ಪುಟ, ಹಳೆಯ ಫಾಂಟಿನಲ್ಲಿ. ಮನೆಯಲ್ಲಿ ಯಾರಿಗೂ ಅದು ಇರುವುದೇ ಗೊತ್ತಿರಲಿಲ್ಲ. ಮಗನಿಗೆ ಕನ್ನಡ ಓದಲು ಬರುವುದಿಲ್ಲ. "ಸರ್, ಇದರಲ್ಲಿ ಅಪ್ಪ ಏನು ಬರೆದಿದ್ದಾರೆ?" ಎಂದು ಕೇಳಿದರು. ಎರಡು ಪುಟ ಓದಿ ಹೇಳಿದೆ. ಅಷ್ಟನ್ನೂ ಯೂನಿಕೋಡಿಗೆ ತಿರುಗಿಸಿ, ಮೂರು ಕಡೆ ನಕಲಿಟ್ಟು, ಆಮೇಲೆ ಅವರ ಒಪ್ಪಿಗೆ ಕೇಳಿ ಡಿಸ್ಕನ್ನು ಅಳಿಸಿದೆ. ಅದೇ ಡಿಸ್ಕಿನಲ್ಲಿ ಅವರ ಬ್ಯಾಂಕಿನ ವಿವರ, ಆಸ್ಪತ್ರೆಯ ವರದಿ, ಮಗಳ ಮದುವೆಯ ಜಾತಕವೂ ಇದ್ದವು. ಅವು ಯಾರಿಗೂ ಬೇಕಿಲ್ಲದವು, ಯಾರ ಕೈಗೂ ಸೇರಬಾರದವು.

ಹಾಗಾಗಿ ನಮ್ಮ ಓದುಗರಲ್ಲಿ ನನ್ನ ಕೋರಿಕೆ ಎರಡು, ಅವುಗಳ ಕ್ರಮವೂ ಮುಖ್ಯ. ದೀಪಾವಳಿಯ ಮನೆ ಸ್ವಚ್ಛತೆಯಲ್ಲಿ ಅಟ್ಟದಿಂದ ಹಳೆಯ ಕಂಪ್ಯೂಟರ್ ಇಳಿಸಿದಾಗ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಅದರಲ್ಲಿ ಏನಿದೆ ಎಂದು ನೋಡಿ, ಬೇಕಾದದ್ದಕ್ಕೆ ನಕಲು ಮಾಡಿ. ಆಮೇಲೆ ಕಡತಕ್ಕೆ ಮಸಿ ಬಳಿದ ಹಾಗೆ ಪೂರ್ತಿ ಅಳಿಸಿ, ಡಿಸ್ಕಿನ ಸಮೇತ ಶಾಲೆಗೆ ಕೊಡಿ. ಅದರ ಮೇಲೆ ಇನ್ನೊಂದು ಮಗು ತನ್ನದನ್ನು ಬರೆಯಲಿ.